28 ಮತ್ತು .410 ಕೋವಿಗೆ ಯಾವ ಖಾಲಿ ತೋಟೆ ಉಳಿಸಿಕೊಳ್ಳಬೇಕು? ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಮಡಿಕೇರಿ ಕಡೆಯವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ವಾರಾಂತ್ಯದಲ್ಲಿ ಸ್ಕೀಟ್ (ಹಾರುವ ಮಣ್ಣಿನ ತಟ್ಟೆಗೆ ಗುರಿಯಿಡುವ ಆಟ) ಆಡುತ್ತೇನೆ. ಇಷ್ಟು ದಿನ 12 ಗೇಜ್ ಇತ್ತು (ಗೇಜ್ ಎಂದರೆ ನಳಿಗೆಯ ಅಳತೆ, ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು). ಈಗ ನನಗೊಂದು 28 ಗೇಜಿನ ಜೋಡಿನಳಿಗೆ, ಮನೆಯವಳಿಗೊಂದು .410 (ಇದು ಇಂಚಿನ ಲೆಕ್ಕ, 28ಕ್ಕಿಂತಲೂ ಕಿರಿದು) ಕೊಂಡಿದ್ದೇವೆ. ಈ ಚಿಕ್ಕ ತೋಟೆಗಳ ಬೆಲೆ 12ಕ್ಕಿಂತ ಹೆಚ್ಚು ಎಂದು ಕೊಂಡ ಮೇಲೆ ತಿಳಿಯಿತು. ಮೈದಾನದವರು ಒಪ್ಪಿದ್ದರಿಂದ ಅಲ್ಲಿ ಬಿದ್ದಿದ್ದ ಖಾಲಿ ತೋಟೆಗಳನ್ನು ಒಂದು ಚೀಲ ಆರಿಸಿ ತಂದಿದ್ದೇನೆ. ನಾಲ್ಕೈದು ಕಂಪನಿಗಳವು ಬೆರೆತಿವೆ. ಎಲ್ಲವನ್ನೂ ಹೊಸ ಮದ್ದು, ಚರೆ (ಸಣ್ಣ ಗುಂಡುಗಳು) ಹಾಕಿ ಮರುತುಂಬಬಹುದೇ?

ಉತ್ತರ: ನಮಸ್ಕಾರ. ಎಲ್ಲವನ್ನೂ ಬೇಡ. ಮೊದಲು ಆ ಚೀಲವನ್ನು ಮೇಜಿನ ಮೇಲೆ ಸುರಿದು ಕಂಪನಿವಾರು ಬೇರ್ಪಡಿಸಿ. ಬಣ್ಣ ಒಂದೇ ಎಂದು ಒಂದೇ ಗುಡ್ಡೆಗೆ ಹಾಕಬೇಡಿ, ಬುಡದ ಮೇಲಿನ ಅಕ್ಷರ ಓದಿ. ಚಿಕ್ಕ ಗೇಜಿನಲ್ಲಿ ಖಾಲಿ ತೋಟೆಯೂ ಮದ್ದಿನಷ್ಟೇ ಮುಖ್ಯ. ವಿಂಚೆಸ್ಟರ್ ಎಎ, ರೆಮಿಂಗ್ಟನ್ ಎಸ್‌ಟಿಎಸ್ ತೋಟೆಗಳ ಒಳಗೋಡೆ ಬುಡದ ಕಡೆಗೆ ದಪ್ಪವಾಗುತ್ತಾ ಹೋಗುತ್ತದೆ. ಶೆಡಿಟ್ ಮಾದರಿಯ ಯುರೋಪಿನ ತೋಟೆಗಳಲ್ಲಿ ಗೋಡೆ ನೇರವಾಗಿದ್ದು, ಬುಡದಲ್ಲಿ ಪ್ರತ್ಯೇಕ ಬಿಲ್ಲೆ ಕೂತಿರುತ್ತದೆ. ಹೊರಗಿನಿಂದ ಎರಡೂ ಒಂದೇ ಅಳತೆ. ಒಳಗಿನ ಜಾಗ ಬೇರೆ, ಆದ್ದರಿಂದ ಅದೇ ಮದ್ದು, ಅದೇ ಚರೆ ಹಾಕಿದರೂ ಒತ್ತಡ ಬೇರೆಯಾಗುತ್ತದೆ.

ಗೇಜ್ ಚಿಕ್ಕದಾದರೆ ಒತ್ತಡವೂ ಕಡಿಮೆ ಎಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವ ತಿರುಗುಮುರುಗು. ಅಮೆರಿಕದ ತಯಾರಕರ ಮಾನದಂಡದ ಪ್ರಕಾರ 12 ಗೇಜಿನ ಮಾಮೂಲಿ ತೋಟೆಗೆ ಗರಿಷ್ಠ ಒತ್ತಡ ಚದರ ಇಂಚಿಗೆ 11,500 ಪೌಂಡ್. 20ಕ್ಕೆ 12,000, 28ಕ್ಕೆ 12,500, ಎರಡೂವರೆ ಇಂಚಿನ .410ಕ್ಕೂ 12,500, ಮೂರು ಇಂಚಿನ .410ಕ್ಕೆ 13,500. ಅಂದರೆ ಅತಿ ಸಣ್ಣ ತೋಟೆಯೇ ಅತಿ ಹೆಚ್ಚು ಒತ್ತಡದಲ್ಲಿ ಕೆಲಸ ಮಾಡುತ್ತದೆ. ಅದರೊಳಗೆ ಬೀಳುವ ಮದ್ದಿನ ಪ್ರಮಾಣವೂ ಕಡಿಮೆಯಾದ್ದರಿಂದ ಒಂದು ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಆಚೀಚೆಯಾದರೂ ಅದು ದೊಡ್ಡ ಪಾಲು.

ನನ್ನ ಮಟ್ಟಿಗೆ ಹೊಸಬರು 28ಕ್ಕೆ ಎಎ ಅಥವಾ ಎಸ್‌ಟಿಎಸ್, ಎರಡರಲ್ಲಿ ಒಂದನ್ನು ಹಿಡಿದು ಅದರಲ್ಲೇ ಇರಬೇಕು. .410ಕ್ಕೆ ಎಎ ಸಾಕು. ನಿಮ್ಮ ಚೀಲದಲ್ಲಿ ಯಾವುದು ಹೆಚ್ಚಿದೆಯೋ ಅದನ್ನಿಟ್ಟುಕೊಂಡು ಉಳಿದದ್ದನ್ನು ಬೇರೆಯವರಿಗೆ ಕೊಡಿ. ಇನ್ನೂ ಒಳ್ಳೆಯ ದಾರಿಯೆಂದರೆ, ಕಾರ್ಖಾನೆಯ ತೋಟೆಯನ್ನು ಪೆಟ್ಟಿಗೆಗಟ್ಟಲೆ ಕೊಂಡು, ನೀವೇ ಹೊಡೆದು, ಆ ಖಾಲಿಗಳನ್ನು ಇಟ್ಟುಕೊಳ್ಳುವುದು. ನೆಲದಿಂದ ಆರಿಸಿದ್ದು ಎಷ್ಟು ಸಲ ತುಂಬಿಸಿಕೊಂಡಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಬೇರ್ಪಡಿಸಿದ್ದೇನೆ ಸರ್. ಇನ್ನು ಒಳ್ಳೆಯದು, ಕೆಟ್ಟದ್ದು ನೋಡುವುದು ಹೇಗೆ?

ಉತ್ತರ: ಕೈಯಲ್ಲಿ ಒಂದನ್ನು ತೆಗೆದುಕೊಳ್ಳಿ. ಮೊದಲು ಬಾಯಿ. ಬಾಯಿ ಮಡಚಿದ್ದ ಹಳೆಯ ಗೆರೆಗಳ ಮೇಲೆ ಉಗುರು ಎಳೆಯಿರಿ. ಗೆರೆ ಸೀಳಿ ಬೆಳಕು ಕಾಣುತ್ತಿದ್ದರೆ ಬಿಸಾಡಿ. .410 ಮೊದಲು ಸಾಯುವುದು ಇಲ್ಲೇ. ಆಮೇಲೆ ಲೋಹದ ಬುಡಕ್ಕೂ ಪ್ಲಾಸ್ಟಿಕ್ಕಿಗೂ ಕೂಡುವ ಜಾಗ. ಅಲ್ಲಿ ಸೂಜಿಮೊನೆಯಷ್ಟು ತೂತು ಅಥವಾ ಹೊಗೆಯ ಕಂದು ಗೀಟು ಕಂಡರೆ ಬಿಸಿ ಅನಿಲ ಸೋರಿದೆ ಎಂದರ್ಥ, ಅದೂ ಬಿಸಾಡಬೇಕಾದದ್ದೇ. ಮೂರನೆಯದಾಗಿ ಸಣ್ಣ ಟಾರ್ಚ್ ಹಾಕಿ ಒಳಗೆ ನೋಡಿ. ಪ್ರತ್ಯೇಕ ಬಿಲ್ಲೆಯಿರುವ ತೋಟೆಯಲ್ಲಿ (ಈಗಿನ ಎಎಯಲ್ಲೂ ಇದೆ) ಅದು ಬುಡಕ್ಕೆ ಅಂಟಿಕೊಂಡಿರಬೇಕು. ಸಡಿಲವಾದ ಬಿಲ್ಲೆ ಚರೆಯ ಹಿಂದೆ ಹೊರಟು ನಳಿಗೆಯಲ್ಲಿ ಸಿಕ್ಕಿಕೊಂಡರೆ ಮುಂದಿನ ಗುಂಡಿಗೆ ನಳಿಗೆ ಸಿಡಿಯಬಹುದು. ಕೊನೆಗೆ, ಹೊಸ ಕೇಪು (ಬುಡದಲ್ಲಿ ಕೂತು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ಹೆಬ್ಬೆರಳಿನ ಒತ್ತಿಗೇ ಜಾರಿ ಕೂತರೆ ಆ ತೋಟೆಯ ಬುಡ ಅಗಲವಾಗಿದೆ, ಇಟ್ಟುಕೊಳ್ಳಬೇಡಿ.

ಎಷ್ಟು ಸಲ ತುಂಬಬಹುದು ಎಂದು ನನ್ನನ್ನು ಎಲ್ಲರೂ ಕೇಳುತ್ತಾರೆ. ಲೆಕ್ಕ ಇಟ್ಟುಕೊಳ್ಳುವುದು ಒಳ್ಳೆಯದು, ಆದರೆ ತೀರ್ಪು ಲೆಕ್ಕದ್ದಲ್ಲ, ಕಣ್ಣಿನದು. ಪ್ರತಿ ಸಲವೂ ಈ ನಾಲ್ಕನ್ನೂ ನೋಡಿ. ತುಂಬಿದ ತೋಟೆ ಸರಿಯಾಗಿದೆಯೇ ಎಂದು ಕೋವಿಗೆ ಹಾಕಿ ಪರೀಕ್ಷಿಸಬೇಡಿ, ಅದಕ್ಕೆಂದೇ ಚೇಂಬರ್ ಗೇಜ್ ಸಿಗುತ್ತದೆ (ಚೇಂಬರ್ ಎಂದರೆ ನಳಿಗೆಯಲ್ಲಿ ತೋಟೆ ಕೂರುವ ಜಾಗ, ಇದು ಅದೇ ಅಳತೆಯ ಅಚ್ಚು). ಅದರಲ್ಲಿ ತೋಟೆ ತನ್ನ ತೂಕಕ್ಕೇ ಇಳಿದು ಕೂರಬೇಕು.

ಪ್ರಶ್ನೆ: 12ಕ್ಕೆಂದು ಸ್ನೇಹಿತರು ಕೊಟ್ಟ ಮದ್ದು ಅರ್ಧ ಡಬ್ಬ ಇದೆ. ಅದನ್ನೇ .410ಕ್ಕೆ ಬಳಸಬಹುದೇ? 28ಕ್ಕೆ ಎಷ್ಟು ಗ್ರೇನ್ ಹಾಕಲಿ?

ಉತ್ತರ: ದಯವಿಟ್ಟು ಬೇಡ. 12ರ ಗುರಿಯಾಟದ ಮದ್ದು ಬೇಗ ಉರಿಯುವಂಥದ್ದು. .410ರ ನಳಿಗೆ ಹತ್ತು ಮಿಲಿಮೀಟರಿಗಿಂತ ತುಸು ಅಗಲ, ಅಷ್ಟೇ. ಆ ಇಕ್ಕಟ್ಟಿನಲ್ಲಿ ಅರ್ಧ ಔನ್ಸ್ ಚರೆಯನ್ನು ತಳ್ಳಬೇಕು. ಅದಕ್ಕೆ ನಿಧಾನವಾಗಿ ಉರಿಯುವ ಎಚ್110, ಲಿಲ್‌ಗನ್, ಅಲಯಂಟ್ 410ರಂಥ ಮದ್ದು ಬೇಕು. ಬೇಗ ಉರಿಯುವುದನ್ನು ಹಾಕಿದರೆ ಚರೆ ಸರಿಯುವ ಮೊದಲೇ ಒತ್ತಡ ಮಿತಿ ಮೀರಬಹುದು. ಇನ್ನೊಂದು ಮಾತು, ಬೇರೊಬ್ಬರು ತೆರೆದ ಡಬ್ಬದ ಮದ್ದನ್ನು ಯಾವ ಗೇಜಿಗೂ ಬಳಸಬೇಡಿ. ಒಳಗಿರುವುದು ಲೇಬಲ್ಲಿನ ಮೇಲಿರುವುದೇ ಎಂದು ಪ್ರಮಾಣಿಸಲು ದಾರಿಯಿಲ್ಲ.

ಗ್ರೇನ್ ಲೆಕ್ಕವನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಅಂಕಿಯನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಡುತ್ತಾರೆ. ಮದ್ದು ತಯಾರಿಸುವ ಕಂಪನಿಯೇ ಕೊಡುವ ಕೋಷ್ಟಕ ತೆರೆಯಿರಿ. ಅದರ ಒಂದು ಸಾಲಿನಲ್ಲಿ ತೋಟೆ, ಕೇಪು, ವಾಡ್ (ಮದ್ದಿಗೂ ಚರೆಗೂ ನಡುವೆ ಕೂರುವ ತುಂಡು), ಚರೆಯ ತೂಕ, ಮದ್ದು ಎಲ್ಲವೂ ಇರುತ್ತವೆ. ಐದೂ ಹೊಂದಿದರೆ ಮಾತ್ರ ಆ ಸಾಲು ನಿಮ್ಮದು. ಕೇಪಿನ ಕಂಪನಿ ಬದಲಾದರೂ ಬೇರೆ ಸಾಲು ಹುಡುಕಬೇಕು. ತೋಟೆ ತುಂಬುವ ಯಂತ್ರ ಬೀಳಿಸುವ ಮದ್ದನ್ನು ತಕ್ಕಡಿಯಲ್ಲಿ ತೂಗಿ ನೋಡದೆ ಶುರು ಮಾಡಬೇಡಿ. ಆ ಯಂತ್ರದಲ್ಲಿ .410ರ ಕೊಳವೆ ಸಪೂರವಾದ್ದರಿಂದ ಮದ್ದು ನಡುವೆ ಕಟ್ಟಿಕೊಳ್ಳುವುದುಂಟು. ಆಗ ಒಂದು ತೋಟೆಗೆ ಕಡಿಮೆ, ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಹೊಡೆದಾಗ ಸಪ್ಪೆ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಕೋವಿ ಬಿಚ್ಚಿ, ನಳಿಗೆಯ ಮೂಲಕ ಆಕಾಶ ಕಾಣುತ್ತದೆಯೇ ನೋಡಿ.

ಇನ್ನೊಬ್ಬ ಸದಸ್ಯೆಯ ಪ್ರಶ್ನೆ: ನಾನು ಮತ್ತು ನನ್ನ ಯಜಮಾನರು ಎಚ್-1ಬಿ ವೀಸಾದಲ್ಲಿದ್ದೇವೆ. ನಾವೂ ಕಲಿಯಬಹುದೇ? ಮನೆಯಲ್ಲಿ 20 ಮತ್ತು 28 ಎರಡೂ ಇರಬೇಕೆಂಬ ಆಸೆ.

ಉತ್ತರ: ಮೊದಲು ಕಾನೂನು, ಮೇಡಂ. ವಲಸೆಯೇತರ ವೀಸಾದವರು ಕೋವಿಯನ್ನಾಗಲಿ, ತೋಟೆಯನ್ನಾಗಲಿ ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಕೆಲವು ವಿನಾಯಿತಿಗಳಿವೆ, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದರಲ್ಲೊಂದು. ವಕೀಲರನ್ನು ಕೇಳದೆ ಒಂದು ಕೇಪನ್ನೂ ಕೊಳ್ಳಬೇಡಿ, ವೀಸಾಕ್ಕೇ ಕುತ್ತು.

ಎರಡು ಗೇಜುಗಳ ವಿಷಯ ಗಂಭೀರವಾದದ್ದು. 20ರ ತೋಟೆ 12ರ ಕೋವಿಗೆ ಬಿದ್ದರೆ ಒಳಗೆ ಜಾರಿ ನಳಿಗೆಯ ಕಿರಿದಾಗುವ ಭಾಗದಲ್ಲಿ ನಿಲ್ಲುತ್ತದೆ. ಹಿಂದಿನಿಂದ ನೋಡಿದರೆ ಖಾಲಿ ಎನ್ನಿಸುತ್ತದೆ. ಅದರ ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಹರಿಯುತ್ತದೆ, ಎಡಗೈ ಇರುವುದು ಅಲ್ಲೇ. 20ರ ತೋಟೆಗೆ ಹಳದಿ ಬಣ್ಣ ಕೊಟ್ಟದ್ದು ಇದಕ್ಕೇ. 28ರ ತೋಟೆಯೂ 20ರ ನಳಿಗೆಯಲ್ಲಿ ಹೀಗೆಯೇ ಸಿಕ್ಕಿಕೊಳ್ಳುತ್ತದೆ. ಮೇಜಿನ ಮೇಲೆ, ಚೀಲದಲ್ಲಿ, ಜೇಬಿನಲ್ಲಿ ಒಂದು ಹೊತ್ತಿಗೆ ಒಂದೇ ಗೇಜ್ ಇರಲಿ.

ವಿರಾಜಪೇಟೆಯ ಸದಸ್ಯರ ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ ತೋಟೆ ಕೋವಿ ಇದೆ. ಕೊಡವರಿಗೆ ಪರವಾನಗಿ ವಿನಾಯಿತಿ ಇದೆಯಲ್ಲ, ಇಲ್ಲೂ ತುಂಬಬಹುದೇ?

ಉತ್ತರ: ಆ ವಿನಾಯಿತಿಯ ನೆಲೆಯಲ್ಲಿ ಬೇಡ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಸಿಕ್ಕಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ ವಿನಾಯಿತಿ, ಅಂದರೆ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಕೇಂದ್ರ ಅದನ್ನು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಮದ್ದುಗುಂಡು ತಯಾರಿಸುವುದು 5ನೇ ಸೆಕ್ಷನ್‌ನ ವಿಷಯ, ಅದಕ್ಕೆ ಬೇರೆ ಪರವಾನಗಿ ಬೇಕು. ಅಮೆರಿಕದಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಪರವಾನಗಿ ಬೇಡ, ಮಾರಲು ಬೇಕು. ಆ ನಿಯಮ ಭಾರತಕ್ಕೆ ಅನ್ವಯಿಸುವುದಿಲ್ಲ. ನೀವು ಪರವಾನಗಿ ಪಡೆದ ಅಂಗಡಿಯಿಂದ ತುಂಬಿದ ತೋಟೆಯನ್ನೇ ಕೊಳ್ಳಿ. ಅಜ್ಜನ ಕಾಲದ ಕೋವಿ ಎಂದಿರಿ, ಹೊಡೆಯುವ ಮೊದಲು ಅದರ ಚೇಂಬರಿನ ಉದ್ದವನ್ನು ಬಲ್ಲ ಕೋವಿ ರಿಪೇರಿಯವರಿಂದ ಅಳೆಸಿ. ಎರಡೂವರೆ ಇಂಚಿನ ಚೇಂಬರಿಗೆ ಎರಡೂಮುಕ್ಕಾಲು ಇಂಚಿನ ತೋಟೆ ಸಲೀಸಾಗಿ ಒಳಹೋಗುತ್ತದೆ, ಸಿಡಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ.