ಈ ವಾರದ ಸಮಸ್ಯೆ: ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ತುಂಗೆ ದಡದವಳು:
ಮೂರು ವಾರ ಆಯ್ತು, ಶಿವಮೊಗ್ಗದಲ್ಲಿ ನೆಟ್ಟಗೆ ಬಿಸಿಲು ಕಂಡಿಲ್ಲ. ಒಗೆದ ಬಟ್ಟೆಯನ್ನು ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೇನೆ. ಎಲ್ಲ ಸೀರೆಗೂ ಹೊಗೆ ವಾಸನೆ. ನಮ್ಮದೇ ಈ ಪಾಡಾದರೆ, ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯವರು ಏನು ಮಾಡುತ್ತಾರೋ.

ಹೋದ ಎರಡು ವಾರದ ಪೂರಣಗಳನ್ನು, ಅಂದರೆ ಕೊಟ್ಟ ಒಂದು ಸಾಲಿಗೆ ನೀವು ಕಟ್ಟಿದ ಪದ್ಯಗಳನ್ನು, ಮತ್ತೆ ಓದಿದೆ. ಎಲ್ಲಾ ವಿರಹ, ಎಲ್ಲಾ ಸಾವು. ಒಬ್ಬರಂತೂ ಹೋಳಿಗೆ ಸಾಲಿಗೂ ಮಸಣ ತಂದಿದ್ದರು. ಹಾಗಾಗಿ ಈ ಸಲ ಒಂದು ಷರತ್ತು. ಓದಿದವರ ಮುಖ ಅರಳಬೇಕು. ಅಳಿಸುವವರು ಮುಂದಿನ ವಾರ ಬನ್ನಿ.

ಸಮಸ್ಯೆ ಇದು:

ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ಭಾಮಿನಿ ಷಟ್ಪದಿ. ಇದು ಆರನೇ ಸಾಲು, ಮೇಲಿನ ಐದು ನಿಮ್ಮವು. ಹೊಸಬರಿಗಾಗಿ ಒಂದು ಮಾತು. 1, 2, 4, 5ನೇ ಸಾಲಿಗೆ ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲು ಉದ್ದ, ಮೂರು-ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆ), ಒಟ್ಟು 23. ಕೊಟ್ಟ ಸಾಲನ್ನೇ ಒಡೆದು ನೋಡಿ: ನಾಳೆ | ಸೂರ್ಯನು | ಬಾರ | ನೆನ್ನುತ | ಕುಣಿದ | ರೂರವ | ರು. ಕೊನೆಯ ‘ರು’ ಲಘುವಾದರೂ ಸಾಲಿನ ತುದಿಯಲ್ಲಿ ಗುರು ಅಂತ ಲೆಕ್ಕ. ಕುಮಾರವ್ಯಾಸ ತನ್ನ ಭಾರತವನ್ನೆಲ್ಲ ಇದೇ ನಡಿಗೆಯಲ್ಲಿ ನಡೆಸಿದ. ಹೊಸಹಳ್ಳಿಯಲ್ಲಿ ಕೂತು ಗಮಕ, ಅಂದರೆ ರಾಗವಾಗಿ ಕಾವ್ಯ ಓದುವುದನ್ನು, ಕೇಳಿದವರಿಗೆ ಲೆಕ್ಕ ಬೇಡ, ಕಿವಿಯೇ ಹೇಳುತ್ತದೆ.

ಎಲ್ಲ ಸಾಲಿನ ಎರಡನೇ ಅಕ್ಷರ ‘ಳ’ಕಾರ ಇರಬೇಕು. ಶುರು ಮಾಡಿ.

ಹೊಸನಗರದ ಹೊಸಬ:
ಅಕ್ಕಾ, ನಾನು ಮೊದಲ ಸಲ ಬರೀತಿರೋದು. ಮೊದಲ ಸಾಲು ಮಾತ್ರ ಆಗಿದೆ, ಸರಿ ಇದೆಯಾ ನೋಡಿ. “ಮಳೆಯು ಸುರಿಯಿತು ಮರವು ಬಿದ್ದಿತು.”

ತುಂಗೆ ದಡದವಳು:
ಮಾತ್ರೆ ಸರಿ ಇದೆ ತಮ್ಮಾ, ಪ್ರಾಸ ಜಾರಿದೆ. ‘ಳ’ ಬಂದರೆ ಸಾಲದು, ಅದರ ಹಿಂದಿನ ಅಕ್ಷರವೂ ಹೊಂದಬೇಕು. ಸಮಸ್ಯೆಯಲ್ಲಿ ‘ನಾ’ ದೀರ್ಘ. ಹಾಗಿದ್ದರೆ ಅದು ಗಜಪ್ರಾಸ. ನಿಮ್ಮ ‘ಮ’ ಹ್ರಸ್ವ, ಅದು ಸಿಂಹಪ್ರಾಸ. ಒಂದೇ ಪದ್ಯದಲ್ಲಿ ಎರಡನ್ನೂ ಕಟ್ಟುವ ಹಾಗಿಲ್ಲ.

ಭದ್ರಾವತಿ ಬಸ್ಸು:
ಆನೆ ಸಕ್ರೆಬೈಲಿನ ಬಿಡಾರದಲ್ಲಿ, ಸಿಂಹ ತ್ಯಾವರೆಕೊಪ್ಪದ ಸಫಾರಿಯಲ್ಲಿ ಅಂತ ನೆನಪಿಟ್ಟುಕೊಳ್ಳಿ. ಸರ್ಕಾರವೇ ಬೇರೆ ಬೇರೆ ಇಟ್ಟಿದೆ.

ಹೊಸನಗರದ ಹೊಸಬ:
ಅರ್ಥ ಆಯ್ತು. ಇನ್ನು ಈ ಜನ್ಮದಲ್ಲಿ ಮರೆಯೋಲ್ಲ.

ಅಡಕೆ ಅಂಗಳ:
ನಾನು ಸಾಗರದ ಕಡೆಯವನು. ಈ ಸಮಸ್ಯೆಗೆ ನನ್ನ ತಕರಾರಿದೆ. ಸೂರ್ಯ ಬರೋಲ್ಲ ಅಂದರೆ ಕುಣಿಯುವ ಊರು ಯಾವುದು ತಾಯೀ? ಅಡಕೆಗೆ ಕೊಳೆರೋಗ ಬಾರದಂತೆ ಎರಡನೇ ಸುತ್ತು ಔಷಧಿ ಹೊಡೆಯಲು ಹದಿನೈದು ದಿನದಿಂದ ಒಂದು ಹೊಳವು (ಮಳೆಯ ಬಿಡುವು) ಕಾಯುತ್ತಿದ್ದೇನೆ. ಮೊನ್ನೆ ಬೆಳಿಗ್ಗೆ ಸ್ವಲ್ಪ ಬೆಳಕಾಯ್ತು ಅಂತ ಕೇಜಿ ಮೈಲುತುತ್ತಕ್ಕೆ ಕೇಜಿ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಎರಡು ಡ್ರಮ್ ಬೋರ್ಡೋ ಕಲಸಿಟ್ಟೆ. ಮರ ಹತ್ತುವ ಕೊನೆಗಾರ ಬುಡಕ್ಕೆ ಬಂದು ನಿಂತ, ಮಳೆಯೂ ಬಂತು. ಆ ದ್ರಾವಣ ಮರುದಿನಕ್ಕೆ ಆಗೋಲ್ಲ. ಪೂರಾ ದಂಡ. ಕೆಳಗೆ ನೋಡಿದರೆ ಕೊಳೆ ಬಂದ ಕಾಯಿ ಉದುರುತ್ತಿದೆ. ನೀವು ಕುಣಿಯಿರಿ ಅಂತೀರಿ.

ತುಂಗೆ ದಡದವಳು:
ನಿಮ್ಮ ಕಷ್ಟ ಗೊತ್ತು ಅಣ್ಣಾ, ನನ್ನ ತವರೂ ತೋಟದ ಮನೆಯೇ. ಆದರೆ ಸಮಸ್ಯೆ ಇರುವುದೇ ಹಾಗೆ. ಒಪ್ಪಲಾಗದ ಸಾಲನ್ನು ಕೊಡುತ್ತಾರೆ, ಅದರ ಒಂದು ಅಕ್ಷರ ತಿದ್ದುವ ಹಾಗಿಲ್ಲ. ಭೋಜರಾಜ ‘ಠಠಂ ಠಠಂ’ ಅಂತ ಬರೀ ಸದ್ದು ಕೊಟ್ಟನಂತೆ. ಕಾಳಿದಾಸ ಅದಕ್ಕೆ ಮೆಟ್ಟಿಲ ಮೇಲೆ ಉರುಳುವ ಚಿನ್ನದ ಕೊಡ ತಂದನಂತೆ. ನೀವೂ ಏನಾದರೂ ತನ್ನಿ.

ಅಡಕೆ ಅಂಗಳ:
ನೋಡುವ.

ಆಗುಂಬೆ ಮೇಷ್ಟ್ರು:
ನನ್ನದೊಂದು. ಇದು ಜೂನ್ ತಿಂಗಳ ಊರು ಅಂತ ಇಟ್ಟುಕೊಳ್ಳಿ.

ಆಳ ಬಾವಿಯ ತಳವು ಕಂಡಿತು
ಬಾಳೆ ಬಾಡಿತು ಸೋಗೆ ಒಣಗಿತು
ಗೋಳು ಕೇಳದ ಬಾನ ನೋಡುತ ಕೊರಳು ನೊಂದಿರಲು
ಕಾಳಮೇಘವು ಕವಿದು ಗುಡುಗಿತು
ವೇಳೆಗಾರಿದ್ರೆ ಮಳೆ ಬಂದಿತು
ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ಭದ್ರಾವತಿ ಬಸ್ಸು:
ಮೇಷ್ಟ್ರೇ, ಆಗುಂಬೆಯಲ್ಲಿ ಬಾವಿ ಬತ್ತುತ್ತಾ? ಕವಿಗೂ ಒಂದು ಮಿತಿ ಬೇಕಲ್ವಾ.

ಆಗುಂಬೆ ಮೇಷ್ಟ್ರು:
ಮೇ ತಿಂಗಳಲ್ಲಿ ಬನ್ನಿ, ನಮ್ಮನೆ ಬಾವಿಗೆ ನೀವೇ ಕೊಡ ಇಳಿಸಿ. ತಳಕ್ಕೆ ತಾಗಿ ಟಣ್ ಅನ್ನುತ್ತದೆ. ಎಷ್ಟು ಸುರಿದರೇನು, ಇಳಿಜಾರಿನ ಜಂಬಿಟ್ಟಿಗೆ ನೆಲ, ಹಿಡಿದಿಡೋಲ್ಲ. ಬಂದದ್ದೆಲ್ಲ ಹೊಳೆಗೆ. ಜೂನ್ 21, 22ರ ಹೊತ್ತಿಗೆ ಆರಿದ್ರೆ ಹುಟ್ಟುತ್ತದೆ. ‘ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ’ ಅಂತ ನಮ್ಮಜ್ಜಿ ಜಗಲಿಯಲ್ಲಿ ಕೂತು ಪಶ್ಚಿಮ ನೋಡುತ್ತಿದ್ದರು.

ತುಂಗೆ ದಡದವಳು:
ಮೂರನೇ ಸಾಲು ತುಂಬಾ ಹಿಡಿಸಿತು. ಬಾನು ನೋಡಿ ನೋಡಿ ಕೊರಳು ನೋಯುವುದು! ಮೊದಲ ಮೂರು ಸಾಲಿನಲ್ಲಿ ಅಷ್ಟು ಒಣಗಿಸಿದ್ದಕ್ಕೇ ಕೊನೆಗೆ ಮಳೆ ತಂಪಾಗಿ ಬೀಳುತ್ತದೆ. ಬರೀ ಸಂತೋಷ, ಸಂತೋಷ ಅಂತ ಐದು ಸಾಲು ಬರೆದಿದ್ದರೆ ಆರನೆಯದು ಸಪ್ಪೆ ಆಗುತ್ತಿತ್ತು.

ಹೊಸನಗರದ ಹೊಸಬ:
ನಂದೂ ಆಯ್ತು! ಸಿಂಹವನ್ನು ತ್ಯಾವರೆಕೊಪ್ಪಕ್ಕೆ ಬಿಟ್ಟು ಬಂದಿದ್ದೇನೆ.

ಗಾಳಿ ಬೀಸಿತು ಮರವು ಬಿದ್ದಿತು
ತೋಳಿನಗಲದ ಹಳ್ಳ ತುಂಬಿತು
ಹೇಳಿಬಿಟ್ಟರು ಟೀವಿಯಲ್ಲೇ ರಜೆಯ ಸುದ್ದಿಯನು
ಏಳಬೇಕಿಲ್ಲಾರು ಗಂಟೆಗೆ
ತಾಳ ತಟ್ಟುತ ಮಕ್ಕಳೊಂದಿಗೆ
ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ಗದ್ದೆಬದಿ:
ಮಕ್ಕಳು ಕುಣಿದರು, ಸರಿ. ಊರವರು ಯಾಕೆ ಕುಣಿಯುತ್ತಾರೆ ತಮ್ಮಾ? ಶಾಲೆಗೆ ರಜೆ ಅಂದರೆ ಮನೆಯಲ್ಲಿ ಮೂರು ಹೊತ್ತೂ ತಿಂಡಿ ಕೇಳುವ ಬಾಯಿಗಳು. ಹಲಸಿನ ಹಪ್ಪಳದ ಡಬ್ಬಿ ಒಂದೇ ದಿನಕ್ಕೆ ಖಾಲಿ. ಪದ್ಯದಲ್ಲಿ ಒಬ್ಬ ತಾಯಿಯೂ ಇಲ್ಲ, ಅದಕ್ಕೇ ಎಲ್ಲರೂ ಕುಣೀತಿದ್ದಾರೆ.

ಹೊಸನಗರದ ಹೊಸಬ:
ಮೇಷ್ಟ್ರುಗಳು ಕುಣಿಯುತ್ತಾರೆ ಅಕ್ಕಾ.

ಆಗುಂಬೆ ಮೇಷ್ಟ್ರು:
ನನ್ನನ್ನು ಯಾಕೆ ಎಳೀತೀರಿ ಮಾರಾಯ್ರೇ. ಆ ರಜೆಯನ್ನೆಲ್ಲ ಆಮೇಲೆ ಶನಿವಾರ ಮಧ್ಯಾಹ್ನ ಪಾಠ ಮಾಡಿ ತೀರಿಸಬೇಕು. ಆದರೂ ನಿಜ ಹೇಳುತ್ತೇನೆ, ರಜೆ ಅಂತ ಗೊತ್ತಾದ ರಾತ್ರಿ ಮೊದಲು ಕುಣಿಯುವವನು ನಾನೇ.

ತುಂಗೆ ದಡದವಳು:
ಮೊದಲ ಪದ್ಯಕ್ಕೆ ಇದು ಜಾಸ್ತಿಯೇ ಚೆನ್ನಾಗಿದೆ. ‘ತೋಳಿನಗಲದ ಹಳ್ಳ’ ಕಣ್ಣಿಗೆ ಕಟ್ಟುತ್ತದೆ. ಟೀವಿಯನ್ನು ಭಾಮಿನಿಯಲ್ಲಿ ಕೂರಿಸಿದ್ದಕ್ಕೆ ಬೇರೆ ಅಂಕ.

ಭದ್ರಾವತಿ ಬಸ್ಸು:
ನಾನು ಪುರಾಣಕ್ಕೆ ಹೋಗಿದ್ದೆ. ಲಕ್ಷ್ಮಣ ಬಿದ್ದಿದ್ದಾನೆ, ಸೂರ್ಯ ಹುಟ್ಟುವುದರೊಳಗೆ ಸಂಜೀವಿನಿ ಬರಬೇಕು. ಸೂರ್ಯನನ್ನೇ ಹನುಮಂತ ತಡೆದುಬಿಟ್ಟರೆ? ಕಪಿಗಳೆಲ್ಲ ಕುಣಿದವು. ನಾಲ್ಕು ಸಾಲು ಬರೆದೂ ಆಗಿತ್ತು. ಆಮೇಲೆ ಹೊಳೆಯಿತು. ಯುದ್ಧ ನಡೆದದ್ದು ಲಂಕೆಯಲ್ಲಿ. ಅಲ್ಲಿ ‘ಊರವರು’ ಅಂದರೆ ರಾಕ್ಷಸರು! ಅವರು ಯಾಕೆ ಕುಣಿಯುತ್ತಾರೆ? ಒಂದು ಪದ ಇಡೀ ರಾಮಾಯಣವನ್ನು ಕೆಡವಿತು. ಹರಿದು ಹಾಕಿದೆ.

ತುಂಗೆ ದಡದವಳು:
ಅದಕ್ಕೇ ‘ಊರವರು’ ಅಂತ ಇಟ್ಟದ್ದು. ಪುರಾಣಕ್ಕೆ ಓಡುವವರಿಗೆ ಸಣ್ಣ ಬೇಲಿ.

ಗದ್ದೆಬದಿ:
ಸೊರಬದ ಕಡೆಯ ಪೂರಣ ಒಂದು. ಓದುವಾಗ ಐದನೇ ಸಾಲಿನ ಕೊನೆಗೆ ಉಸಿರು ಬಿಡಬೇಡಿ. ಸುಮ್ನೆ ಆರನೆಯದಕ್ಕೆ ದಾಟಿಬಿಡಿ.

ಏಳು ಬಗೆ ಸೊಪ್ಪುಗಳು ಬೆಂದವು
ಬಾಳೆಯೆಲೆಯಲಿ ಭೂಮಿತಾಯಿಗೆ
ಕೂಳು ಸಿದ್ಧವು, ಭತ್ತದೊಡಲಿಗೆ ಬಯಕೆಯೂಟವಿದು
ವೇಳೆಯಿದೆಯಿನ್ನೆಷ್ಟೊ ಹಾಡಲು
ಗಾಳಿ ತಂಪಿದೆ, ತುಂಬುಚಂದಿರ
ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ಹೊಸನಗರದ ಹೊಸಬ:
ಚೆನ್ನಾಗಿದೆ, ಆದರೆ ‘ತುಂಬುಚಂದಿರ’ ಅಂತ ನಿಂತುಹೋಯ್ತಲ್ಲ? ಚಂದಿರ ಏನು ಮಾಡಿದ?

ಆಗುಂಬೆ ಮೇಷ್ಟ್ರು:
ಅಯ್ಯೋ, ಸೇರಿಸಿ ಓದಿ! ‘ತುಂಬುಚಂದಿರನಾಳೆ.’ ಚಂದಿರನು ಆಳೆ. ಆಳುತ್ತಿರುವಾಗ ಅಂತ. ಚಂದಿರ ಆಳುತ್ತಿರುವಾಗ ಸೂರ್ಯ ಬಾರನು! ‘ನಾಳೆ’ಯೇ ಮಾಯ ಆಗಿಬಿಟ್ಟಿತು. ನಾನು ಎದ್ದು ಅಂಗಳದಲ್ಲಿ ಒಂದು ಸುತ್ತು ಬಂದೆ, ಮಳೆಯಲ್ಲೇ.

ತುಂಗೆ ದಡದವಳು:
ಸಾಲು ಕೊಟ್ಟವಳು ನಾನು, ನನಗೇ ಇದು ಕಂಡಿರಲಿಲ್ಲ. ಒಂದಕ್ಷರವನ್ನೂ ಮುಟ್ಟದೆ ಅರ್ಥವನ್ನೇ ತಿರುಗಿಸಿದ್ದೀರಿ. ಅಷ್ಟಾವಧಾನದಲ್ಲಿ ಅವಧಾನಿ ಎಂಟು ಬಗೆಯ ಸವಾಲನ್ನು ಒಟ್ಟಿಗೇ ನಿಭಾಯಿಸುತ್ತಾರಲ್ಲ, ಆ ಎಂಟರಲ್ಲಿ ಸಮಸ್ಯೆಯೂ ಒಂದು. ಅಲ್ಲಿ ಪೃಚ್ಛಕರು, ಅಂದರೆ ಸವಾಲು ಹಾಕುವವರು, ಸಾಲು ಕೊಡುವಾಗಲೇ ಒಂದು ಬಾಗಿಲು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಅವಧಾನಿ ಅದು ಬಿಟ್ಟು ಹಿತ್ತಲ ಬಾಗಿಲಿನಿಂದ ಬಂದರೆ ಸಭೆಗೆ ಹಬ್ಬ.

ಭದ್ರಾವತಿ ಬಸ್ಸು:
‘ಆಳೆ’ ಹಳೆಗನ್ನಡ ಅಲ್ವಾ? ‘ಬೆಂದವು’ ಜೊತೆ ಹೊಂದುತ್ತಾ?

ತುಂಗೆ ದಡದವಳು:
ಭಾಮಿನಿಯಲ್ಲಿ ನಡೆಯುತ್ತದೆ. ಕುಮಾರವ್ಯಾಸನಿಂದ ಯಕ್ಷಗಾನದ ಪದದವರೆಗೂ ‘ಬರೆ’, ‘ನೋಡೆ’ ಇದ್ದೇ ಇವೆ.

ಗದ್ದೆಬದಿ:
ನಾನು ವ್ಯಾಕರಣ ನೋಡಿ ಬರೆದದ್ದಲ್ಲ. ಭೂಮಿ ಹುಣ್ಣಿಮೆ ಹಿಂದಿನ ರಾತ್ರಿ ನಮ್ಮಲ್ಲಿ ಹೆಂಗಸರು ಮಲಗುವುದಿಲ್ಲ. ಹೊಡೆ ತುಂಬಿದ ಗದ್ದೆ ಬಸುರಿ ಅಂತ ಲೆಕ್ಕ. ಹಿತ್ತಲು, ಬೇಲಿ ಎಲ್ಲ ತಡಕಿ ತಂದ ಸೊಪ್ಪು ಬೇಯಿಸಿ ಭೂಮಣಿ ಬುಟ್ಟಿಗೆ ತುಂಬುವುದು. ಬೆಳಕು ಹರಿಯುವ ಮೊದಲೇ ಗಂಡಸರು ಗದ್ದೆಗೆ ಒಯ್ದು ಬೀರಬೇಕು. ನಮ್ಮಮ್ಮ ಒಲೆ ಮುಂದೆ ಕೂತು ಕಿಟಕಿಯಲ್ಲಿ ಚಂದ್ರನನ್ನು ನೋಡುತ್ತಾ ‘ಇದ್ದಾನೆ, ಇದ್ದಾನೆ, ಇನ್ನೂ ಹೊತ್ತಿದೆ’ ಅನ್ನುತ್ತಿದ್ದಳು. ಪದ್ಯದಲ್ಲಿ ನಾನು ಮಾಡಿದ್ದು ಅಷ್ಟೇ, ಅಮ್ಮನ ಮಾತಿಗೆ ಮಾತ್ರೆ ಹಾಕಿದ್ದು.

ತುಂಗೆ ದಡದವಳು:
ಇದಕ್ಕೆ ಮೇಲೆ ನಾನೇನೂ ಹೇಳೋಲ್ಲ. ಸಾಗರದ ಅಣ್ಣ ಎಲ್ಲಿ? ಎರಡು ದಿನದಿಂದ ಸುದ್ದಿಯೇ ಇಲ್ಲ.

ಅಡಕೆ ಅಂಗಳ:
ಇದ್ದೇನೆ. ಕರೆಂಟ್ ಇರಲಿಲ್ಲ, ಮೊಬೈಲು ಸತ್ತಿತ್ತು. ನಿನ್ನೆ ಮಧ್ಯಾಹ್ನ ನಾಲ್ಕು ತಾಸು ಹೊಳವು ಸಿಕ್ಕಿತು. ಅರ್ಧ ತೋಟ ಔಷಧಿ ಆಯ್ತು. ಕೊನೆಗಾರ ಮರದಿಂದ ಮರಕ್ಕೆ ದಾಟುತ್ತಿದ್ದ, ನಾನು ಕೆಳಗೆ ಪೈಪ್ ಹಿಡಿದು ಮಾತ್ರೆ ಎಣಿಸುತ್ತಿದ್ದೆ. ಅವನು ಮೇಲಿನಿಂದ ‘ಯಾರ ಹತ್ರ ಮಾತಾಡ್ತೀರಿ’ ಅಂತ ಕೇಳಿದ.

ನನ್ನ ತಕರಾರು ಹಾಗೇ ಇದೆ. ಆಗಸ್ಟಿನಲ್ಲಿ ನಾನು ಕುಣಿಯಲಾರೆ. ಹಾಗಾಗಿ ಪದ್ಯವನ್ನು ಕೊಯ್ಲಿನ ಆಚೆಗೆ, ಮಾಗಿಯ ಕಡೆಗೆ ಒಯ್ದೆ.

ಹೋಳಡಕೆ ಬೆಂದೊಣಗಿ ನಕ್ಕಿತು
ಕೂಳಿಗಾಯಿತು ಸಾಲ ತೀರಿತು
“ತಾಳು ದೇವರೆ, ನೀನು ದುಡಿದಿಹೆಯೆರಡು ತಿಂಗಳನು
ಬೀಳು ಮಂಜಿನ ಹೊದಿಕೆಯೊಳಗಡೆ”
ಹೇಳಿ ಹೀಗೆಯೆ ರಜೆಯ ಕೊಟ್ಟರು
ನಾಳೆ ಸೂರ್ಯನು ಬಾರನೆನ್ನುತ ಕುಣಿದರೂರವರು

ಹೊಸನಗರದ ಹೊಸಬ:
ಸೂರ್ಯನಿಗೇ ರಜೆ!

ಗದ್ದೆಬದಿ:
ಅಣ್ಣಾ, ‘ಬೀಳು’ ಅಂದದ್ದು ಎಷ್ಟು ಚಂದ. ದಿನವಿಡೀ ದುಡಿದು ಬಂದವರಿಗೆ ನಮ್ಮ ಮನೆಗಳಲ್ಲಿ ಹೇಳುವುದು ಹಾಗೇ, ‘ಹೋಗಿ ಬಿದ್ಕೋ ಸ್ವಲ್ಪ’ ಅಂತ. ಸೂರ್ಯನನ್ನು ಮನೆಯ ಆಳುಮಗನ ಹಾಗೆ ಮಾತಾಡಿಸಿದ್ದೀರಿ.

ಆಗುಂಬೆ ಮೇಷ್ಟ್ರು:
‘ದುಡಿದಿಹೆ’ ಸ್ವಲ್ಪ ಪುಸ್ತಕದ ಮಾತು. ಬಿಡಿ, ಮಾತ್ರೆಗೆ ಬೇಕಿತ್ತು. ಆದರೆ ಒಂದು ಪ್ರಶ್ನೆ. ಹೋದ ವರ್ಷ ನಿಮ್ಮ ಅಡಕೆ ಅಂಗಳದಲ್ಲೇ ನೆನೆದು ಕಪ್ಪಾಯ್ತು ಅಂದಿದ್ದಿರಿ. ಸಾಲ ತೀರಿತು ಅಂತ ಹೇಗೆ ಬರೆದಿರಿ?

ಅಡಕೆ ಅಂಗಳ:
ತೀರಿಲ್ಲ ಮೇಷ್ಟ್ರೇ. ‘ಸಾಲ ಉಳಿಯಿತು’ ಅಂತಲೇ ಮೊದಲು ಬರೆದಿದ್ದೆ. ‘ಉಳಿಯಿತು’ ಕೂಡ ‘ತೀರಿತು’ ಹಾಗೆ ನಾಲ್ಕು ಮಾತ್ರೆಯೇ, ಛಂದಸ್ಸಿಗೆ ಎರಡೂ ಒಂದೇ. ಹಾಗಾದರೆ ತೀರಿತು ಅಂತಲೇ ಇರಲಿ ಅಂದುಕೊಂಡೆ.

ತುಂಗೆ ದಡದವಳು:
ಈ ವಾರದ ಗೆಲುವು ಹಂಚುತ್ತೇನೆ. ಚಮತ್ಕಾರಕ್ಕೆ ಗದ್ದೆಬದಿ ಅಕ್ಕ, ಮುಖ ಅರಳಿಸಿದ್ದಕ್ಕೆ ಸಾಗರದ ಅಣ್ಣ. ಹೊಸಬರಿಗೆ ಒಂದು ಡಬ್ಬಿ ಹಲಸಿನ ಹಪ್ಪಳ, ಅಕ್ಕನ ಮನೆಯದು ಖಾಲಿಯಂತೆ, ನಾನೇ ಕೊಡುತ್ತೇನೆ. ಗೆದ್ದವರು ಮುಂದಿನ ಸಾಲು ಕೊಡಬೇಕು. ಅಣ್ಣಾ, ನೀವು ಕೊಡಿ.

ಅಡಕೆ ಅಂಗಳ:
ಭಾಮಿನಿಯೇ ಇರಲಿ, ಕೈಗೆ ಹತ್ತಿದೆ.

ಬಾಗಿಲಿಲ್ಲದ ಮನೆಯ ಬೀಗವ ಮಗುವು ತೆಗೆದಿತ್ತು

ಇವತ್ತೂ ಹೊಳವಿದೆ. ಉಳಿದರ್ಧ ತೋಟಕ್ಕೆ ಹೊರಟೆ.

ಹೊಸನಗರದ ಹೊಸಬ:
‘ಬಾ’ ದೀರ್ಘ. ಅಂದರೆ ಇದೂ ಸಕ್ರೆಬೈಲು, ಅಲ್ವಾ ಅಕ್ಕಾ?