ಮನೆಯ ಕ್ರೀಮಿಗೆ ಯಾವ ಎಮಲ್ಸಿಫೈಯರ್? ಜೇನುಮೇಣ ಒಂದೇ ಸಾಕಾ?

ಮಲ್ಲಿಗೆಬಳ್ಳಿ
ಒಣಚರ್ಮಕ್ಕೆ ಹಚ್ಚುವ ಕ್ರೀಮಿನ ಅಳತೆ ಇದು: ಬಾದಾಮಿ ಎಣ್ಣೆ 30 ಗ್ರಾಂ, ಕೊಬ್ಬರಿ ಎಣ್ಣೆ 10, ಜೇನುಮೇಣ 8, ಹಿತ್ತಲಿನ ಲೋಳೆಸರದ ತಿರುಳು 50, ಜೊತೆಗೆ ಎರಡು ವಿಟಮಿನ್ ಇ ಕ್ಯಾಪ್ಸೂಲ್. ಕಡೆದಾಗ ಬೆಳ್ಳಗೆ ಬರುತ್ತದೆ, ಎರಡನೇ ದಿನಕ್ಕೆ ಡಬ್ಬಿಯ ತಳದಲ್ಲಿ ನೀರು. ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಎಮಲ್ಸಿಫೈಯರ್ ಬೇಕಂತೆ. ಒಲಿವೆಮ್ 1000, ಮೊಂಟಾನೋವ್ 68, ಲೆಸಿಥಿನ್, ಬಿಳಿಗಾರ (ಬೋರಾಕ್ಸ್) ಈ ನಾಲ್ಕರಲ್ಲಿ ಮುಖಕ್ಕೆ ಯಾವುದು ಸರಿ? ಪಿಇಜಿ (ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ) ಇರುವಂಥದ್ದು ಬೇಡ. 100 ಗ್ರಾಂ ಕ್ರೀಮಿಗೆ ಎಷ್ಟು ಹಾಕಬೇಕು ತಿಳಿಸಿ.

ಬೀಕರ್
ಜೇನುಮೇಣ ಎಮಲ್ಸಿಫೈಯರ್ ಅಲ್ಲ ಮೇಡಂ. ಅದು ಎಣ್ಣೆಯನ್ನು ಗಟ್ಟಿ ಮಾಡುತ್ತದೆ, ಅಷ್ಟೇ. ಆರುವಾಗ ಮೇಣದ ಹರಳುಗಳ ನಡುವೆ ನೀರಿನ ಹನಿಗಳು ಸಿಕ್ಕಿಹಾಕಿಕೊಳ್ಳುತ್ತವೆ, ಅದಕ್ಕೇ ಮೊದಲ ದಿನ ಕ್ರೀಮಿನ ಹಾಗೆ ಕಾಣುತ್ತದೆ. ಆಮೇಲೆ ಹನಿಗಳು ಒಂದಕ್ಕೊಂದು ಕೂಡಿ ಕೆಳಗಿಳಿಯುತ್ತವೆ. 2ನೇ ಶತಮಾನದ ರೋಮಿನ ವೈದ್ಯ ಗ್ಯಾಲೆನ್ ಹೆಸರಿನಲ್ಲಿರುವ ಕೋಲ್ಡ್ ಕ್ರೀಮೂ ಇದೇ ಜಾತಿಯದು: ಮೇಣ, ಆಲಿವ್ ಎಣ್ಣೆ, ಗುಲಾಬಿ ನೀರು. ಹಚ್ಚಿದಾಗ ನೀರು ಬೇರ್ಪಟ್ಟು ಆವಿಯಾಗುವುದರಿಂದಲೇ ಅದು ತಂಪು.

ಈ ತೊಂದರೆಗೆ ಹಳಬರು ಹಾಕಿದ ಮದ್ದು ಬಿಳಿಗಾರ. ಮೇಣದಲ್ಲಿರುವ ಕೊಬ್ಬಿನ ಆಮ್ಲದ ಜೊತೆ ಸೇರಿ ಅದು ಅಲ್ಲೇ ಸಾಬೂನಾಗುತ್ತದೆ, ಆ ಸಾಬೂನೇ ಎಮಲ್ಸಿಫೈಯರ್. ಕ್ರೀಮ್ ನಿಲ್ಲುತ್ತದೆ ನಿಜ. ಆದರೆ ಕ್ಷಾರ ಗುಣದ್ದು, ಮೇಲಾಗಿ ಬಿಳಿಗಾರ ಸೇರಿದ ಬೋರೇಟ್‌ ಗುಂಪನ್ನು ಯುರೋಪಿಯನ್ ಒಕ್ಕೂಟ ಸಂತಾನಶಕ್ತಿಗೆ ಹಾನಿ ಮಾಡುವ ವಸ್ತುಗಳ ವರ್ಗದಲ್ಲಿ ಇಟ್ಟಿದೆ. ಗ್ರಂಧಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ ಎಂದು ಮುಖಕ್ಕೆ, ಒಡೆದ ಚರ್ಮಕ್ಕೆ, ಮಕ್ಕಳಿಗೆ ಹಚ್ಚಬೇಡಿ.

ಉಳಿದದ್ದರಲ್ಲಿ ಒಲಿವೆಮ್ 1000 ಎಂದರೆ ಸೀಟಿಯರಿಲ್ ಆಲಿವೇಟ್ ಮತ್ತು ಸಾರ್ಬಿಟನ್ ಆಲಿವೇಟ್. ಮೊಂಟಾನೋವ್ 68 ಎಂದರೆ ಸೀಟಿಯರಿಲ್ ಆಲ್ಕೋಹಾಲ್ ಮತ್ತು ಸೀಟಿಯರಿಲ್ ಗ್ಲುಕೋಸೈಡ್. ಎರಡರಲ್ಲೂ ಪಿಇಜಿ ಇಲ್ಲ, ಮೂಲ ಗಿಡದ್ದು. ಹಾಗೆಂದು ಗಿಡದಿಂದ ನೇರವಾಗಿ ಹಿಂಡಿ ತೆಗೆದದ್ದೂ ಅಲ್ಲ, ಕಾರ್ಖಾನೆಯಲ್ಲಿ ರಾಸಾಯನಿಕ ಕ್ರಿಯೆ ನಡೆಸಿಯೇ ಮಾಡುತ್ತಾರೆ. ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಮಾರುವವರು ಬೇರೆ ಹೆಸರಿಟ್ಟು ಕೊಡುವುದರಿಂದ ಚೀಟಿಯಲ್ಲಿ ಈ ಘಟಕಗಳ ಹೆಸರು ನೋಡಿ ಕೊಳ್ಳಿ. ಬರೀ ‘ಎಮಲ್ಸಿಫೈಯಿಂಗ್ ವ್ಯಾಕ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅದರಲ್ಲಿ ಪಾಲಿಸಾರ್ಬೇಟ್ 60 ಇರುತ್ತದೆ, ನಿಮಗೆ ಬೇಡವಾದ ಗುಂಪಿನದು. ಬರೀ ‘ಗ್ಲಿಸರೈಲ್ ಸ್ಟಿಯರೇಟ್’ ಎಂದಿದ್ದರೆ ಒಂಟಿಯಾಗಿ ಅದು ನೀರಿನ ಕ್ರೀಮನ್ನು ಹಿಡಿದಿಡುವುದಿಲ್ಲ, ‘ಎಸ್‌ಇ’ (ಸೆಲ್ಫ್ ಎಮಲ್ಸಿಫೈಯಿಂಗ್, ಒಂಟಿಯಾಗಿಯೇ ಹಿಡಿದಿಡುವ ಬಗೆ) ಎಂದು ಕೊನೆಯಲ್ಲಿರುವುದು ಬೇರೆ.

ತೂಕದಕಲ್ಲು
ಅಳತೆ ನಾನು ಹೇಳುತ್ತೇನೆ. ನಿಮ್ಮದರಲ್ಲಿ ಎಣ್ಣೆ, ಮೇಣ ಸೇರಿ 48 ಗ್ರಾಂ ಆಯಿತು, ಅಷ್ಟನ್ನು ಹಿಡಿದಿಡಲು 12 ಗ್ರಾಂ ಎಮಲ್ಸಿಫೈಯರ್ ಬೇಕು, ಮುಖವೆಲ್ಲ ಜಿಡ್ಡಾಗುತ್ತದೆ. ಎಣ್ಣೆ ಇಳಿಸಿ. ಎಣ್ಣೆಯ ಒಟ್ಟು ತೂಕದ ಸುಮಾರು ಕಾಲು ಭಾಗ ಎಮಲ್ಸಿಫೈಯರ್ ಎಂದಿಟ್ಟುಕೊಂಡರೆ 100 ಗ್ರಾಂಗೆ ಹೀಗೆ:

ಡಿಸ್ಟಿಲ್ಡ್ ವಾಟರ್ 69.2, ಗ್ಲಿಸರಿನ್ 4, ಕ್ಸಾಂಥನ್ ಗಮ್ (ನೀರನ್ನು ಮಂದ ಮಾಡುವ ಅಂಟಿನ ಪುಡಿ) 0.3
ಬಾದಾಮಿ ಎಣ್ಣೆ 15, ಮುರುಗಲು ತುಪ್ಪ 4, ಒಲಿವೆಮ್ 1000 – 5 ಗ್ರಾಂ, ಸೀಟೈಲ್ ಆಲ್ಕೋಹಾಲ್ (ಕ್ರೀಮನ್ನು ಗಟ್ಟಿ ಮಾಡುವ ಮೇಣದಂಥ ವಸ್ತು) 1
ಆರಿದ ಮೇಲೆ: ವಿಟಮಿನ್ ಇ 0.5, ಪ್ರಿಸರ್ವೇಟಿವ್ (ಸೂಕ್ಷ್ಮಾಣು ಬೆಳೆಯದಂತೆ ತಡೆಯುವಂಥದ್ದು) 1

ಚಮಚದ ಲೆಕ್ಕ ಬೇಡ, 0.1 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಕ್ಸಾಂಥನ್ ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ಕಲಸಿ ಆಮೇಲೆ ನೀರಿಗೆ ಹಾಕಿ, ನೇರ ನೀರಿಗೆ ಉದುರಿಸಿದರೆ ಗಂಟು ಕಟ್ಟುತ್ತದೆ. ನೀರಿನದೊಂದು, ಎಣ್ಣೆಯದೊಂದು ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯಲ್ಲಿಟ್ಟು ಎರಡನ್ನೂ 70–75 ಡಿಗ್ರಿಗೆ ತಂದು 20 ನಿಮಿಷ ಹಾಗೇ ಬಿಡಿ. ಅಷ್ಟರಲ್ಲಿ ನೀರು ಆವಿಯಾಗಿ ತೂಕ ಇಳಿದಿರುತ್ತದೆ, ತೂಗಿ ಕಡಿಮೆಯಾದಷ್ಟು ಬಿಸಿನೀರು ಸೇರಿಸಿ.

ಎಣ್ಣೆಯನ್ನು ನೀರಿಗೆ ಸುರಿದು ಹ್ಯಾಂಡ್ ಬ್ಲೆಂಡರನ್ನು ತಳಕ್ಕೆ ಒತ್ತಿ ಹಿಡಿದು ಎರಡು ಮೂರು ನಿಮಿಷ ಓಡಿಸಿ. ಮೇಲೆತ್ತಿದರೆ ಗಾಳಿ ತುಂಬಿ ನೊರೆಯಾಗುತ್ತದೆ. ಆಮೇಲೆ ಬ್ಲೆಂಡರ್ ಬಿಟ್ಟು ಸ್ಪ್ಯಾಚುಲಾದಲ್ಲಿ 40 ಡಿಗ್ರಿಗೆ ಇಳಿಯುವ ತನಕ ನಿಧಾನಕ್ಕೆ ತಿರುವುತ್ತಿರಿ. ಮಧ್ಯದಲ್ಲಿ ಬಿಟ್ಟು ಹೋದರೆ, ಫ್ರಿಜ್ಜಿಗಿಟ್ಟು ಅವಸರ ಮಾಡಿದರೆ ರವೆ ರವೆಯಾಗುತ್ತದೆ. ಬೆಚ್ಚಗಿರುವಾಗ ತೆಳ್ಳಗಿದ್ದರೆ ಗಾಬರಿ ಬೇಡ, ಮರುದಿನಕ್ಕೆ ಗಟ್ಟಿಯಾಗುತ್ತದೆ.

ಮುರುಗಲು ತುಪ್ಪ ಉತ್ತರ ಕನ್ನಡದ ಕಡೆ ಹಿಮ್ಮಡಿ ಒಡೆದರೆ ಹಚ್ಚುವುದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ, ಇದು 40ರ ಹತ್ತಿರ. ಸೆಕೆಗಾಲದಲ್ಲಿ ಕ್ರೀಮ್ ಸಡಿಲವಾಗದಿರಲು ಇದು ಒಳ್ಳೆಯದು.

ಹೊಂಗೆಮರ
ಲೆಸಿಥಿನ್ ಬಗ್ಗೆ ಯಾರೂ ಹೇಳಲಿಲ್ಲ. ನಾಲ್ಕರಲ್ಲಿ ನಿಜವಾಗಿ ‘ನೈಸರ್ಗಿಕ’ ಎನ್ನಬಹುದಾದದ್ದು ಅದೇ ಅಲ್ಲವೇ? ಸೋಯಾ ಎಣ್ಣೆಯ ಶುದ್ಧೀಕರಣದಲ್ಲಿ ಸಿಗುವಂಥದ್ದು, ಚರ್ಮಕ್ಕೂ ಹಿತ.

ಬೀಕರ್
ಹಿತವೇ ಸರ್, ಒಪ್ಪಿದೆ. ಆದರೆ ಒಂದರಿಂದ ಮೂರು ಗ್ರಾಂ ಹಾಕಿ ತೆಳ್ಳಗಿನ ಲೋಷನ್ ಮಾಡಬಹುದು, ಡಬ್ಬಿಯಲ್ಲಿ ನಿಲ್ಲುವ ಕ್ರೀಮ್ ಕಷ್ಟ. ಹೆಚ್ಚು ಹಾಕಿದರೆ ಹಳದಿ ಬಣ್ಣ, ಅಂಟು, ಒಂಥರಾ ಬೀನ್ಸ್ ವಾಸನೆ. ಗಮ್ ಜೊತೆಗಿಲ್ಲದಿದ್ದರೆ ಬೇಗ ಒಡೆಯುತ್ತದೆ. ಎರಡನೆಯ ಎಮಲ್ಸಿಫೈಯರಾಗಿ 0.5 ಗ್ರಾಂ ಹಾಕಿದರೆ ಚೆನ್ನ.

ಮಲ್ಲಿಗೆಬಳ್ಳಿ
ಲೋಳೆಸರ ಪೂರ್ತಿ ಬಿಡಬೇಕೇ? ಪ್ರಿಸರ್ವೇಟಿವ್ ಬದಲು ವಿಟಮಿನ್ ಇ ಜಾಸ್ತಿ ಮಾಡಿದರೆ? ಇನ್ನೊಂದು, ಒಲಿವೆಮ್ ಕ್ರೀಮ್ ಉಜ್ಜುವಾಗ ಸಾಬೂನಿನ ಹಾಗೆ ಬಿಳಿ ಗೆರೆ ಬರುತ್ತದಂತೆ, ಹೌದೇ?

ತೂಕದಕಲ್ಲು
ಬಿಳಿ ಗೆರೆ ಬರುವುದು ಹೌದು. ಸೀಟೈಲ್ ಆಲ್ಕೋಹಾಲ್ ತೆಗೆದು ಒಲಿವೆಮ್ 4ಕ್ಕೆ ಇಳಿಸಿದರೆ ಕಡಿಮೆಯಾಗುತ್ತದೆ, ಆಗ ಎಣ್ಣೆಯನ್ನೂ 3 ಗ್ರಾಂ ಇಳಿಸಿ, ತೆಗೆದ ತೂಕವನ್ನೆಲ್ಲ ನೀರಿಗೆ ಕೂಡಿಸಿ.

ವಿಟಮಿನ್ ಇ ಎಣ್ಣೆ ಕಮಟಾಗದಂತೆ ತಡೆಯುತ್ತದೆ, ಬೂಸ್ಟು ಬ್ಯಾಕ್ಟೀರಿಯಾ ಎರಡನ್ನೂ ತಡೆಯುವುದಿಲ್ಲ. ಬೇವಿನೆಣ್ಣೆ, ಟೀ ಟ್ರೀ ಎಣ್ಣೆ ಒಂದೆರಡು ಹನಿ ಹಾಕುವುದೂ ಅಷ್ಟೇ ಕತೆ. ಎಮಲ್ಸಿಫೈಯರ್ ಸೋತರೆ ಕಣ್ಣಿಗೆ ಕಾಣುತ್ತದೆ. ಪ್ರಿಸರ್ವೇಟಿವ್ ಸೋತರೆ ಬೂಸ್ಟು ಕಾಣುವ ಮೊದಲೇ ಕ್ರೀಮಿನ ತುಂಬ ಬ್ಯಾಕ್ಟೀರಿಯಾ ಇರಬಹುದು. ಸುರಕ್ಷತೆ ಎಂದು ಯೋಚಿಸುವುದಾದರೆ ಇಲ್ಲಿ ಯೋಚಿಸಿ. ಬೆಂಜೈಲ್ ಆಲ್ಕೋಹಾಲ್ ಮತ್ತು ಡಿಹೈಡ್ರೊಅಸಿಟಿಕ್ ಆಸಿಡ್ ಜೋಡಿ ಸಾವಯವ ಪ್ರಮಾಣಪತ್ರದ ಕ್ರೀಮುಗಳಲ್ಲೂ ಇರುತ್ತದೆ, ಮೇಲಿನ 1 ಗ್ರಾಂ ಅದೇ. ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಹಾಕುವವರು ಕ್ರೀಮಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 5ರ ಆಸುಪಾಸಿಗೆ ತರಲೇಬೇಕು, ಅದಕ್ಕಿಂತ ಮೇಲೇರಿದಂತೆ ಅವುಗಳ ಶಕ್ತಿ ಕುಗ್ಗುತ್ತದೆ. ಒಂದು ಭಾಗ ಕ್ರೀಮಿಗೆ ಒಂಬತ್ತು ಭಾಗ ಡಿಸ್ಟಿಲ್ಡ್ ವಾಟರ್ ಬೆರೆಸಿ ಪಿಎಚ್ ಪಟ್ಟಿ ಅದ್ದಿ ನೋಡಿ, ಹೆಚ್ಚಿದ್ದರೆ ಸಿಟ್ರಿಕ್ ಆಸಿಡ್ ದ್ರಾವಣ ಹನಿ ಹನಿಯಾಗಿ.

ಹಸಿ ಲೋಳೆಸರ ಬಿಡಿ. ಅದು ಸೂಕ್ಷ್ಮಾಣುಗಳಿಗೆ ಊಟ, ಅದರ ಲವಣಗಳು ಎಮಲ್ಷನ್ನನ್ನು (ಎಣ್ಣೆ-ನೀರಿನ ಬೆರಕೆಯನ್ನು) ಸಡಿಲ ಮಾಡಬಹುದು, ಸಿಪ್ಪೆಯ ಕೆಳಗಿನ ಹಳದಿ ರಸ ಚರ್ಮ ಉರಿಸುತ್ತದೆ. ಬೇಕೇ ಬೇಕೆಂದರೆ ಒಣ ಪುಡಿ 0.1 ಗ್ರಾಂ ನೀರಿನಲ್ಲಿ ಕರಗಿಸಿ ಹಾಕಿ. ಅಕ್ಕಿ ತೊಳೆದ ನೀರು, ಗುಲಾಬಿ ನೀರಿಗೂ ಸೂಕ್ಷ್ಮಾಣುಗಳ ಮಾತು ಅನ್ವಯಿಸುತ್ತದೆ.

ಬೀಕರ್
ಮೊದಲ ಸಲ 100 ಗ್ರಾಂ ಮಾಡಿ ಅದರಲ್ಲಿ ಎರಡು ಚಿಕ್ಕ ಗಾಜಿನ ಶೀಶೆ ಪರೀಕ್ಷೆಗೆ ಎತ್ತಿಡಿ. ಒಂದನ್ನು ರಾತ್ರಿ ಫ್ರೀಜರಿನಲ್ಲಿ, ಹಗಲು ಹೊರಗೆ, ಹೀಗೆ ಮೂರು ಸುತ್ತು. ಇನ್ನೊಂದು ಬೆಚ್ಚಗಿನ ಕಪಾಟಿನಲ್ಲಿ ಒಂದು ತಿಂಗಳು. ಮೇಲೆ ಎಣ್ಣೆ ತೇಲಿದರೆ ಎಮಲ್ಸಿಫೈಯರ್ ಸಾಲದು, ತಳದಲ್ಲಿ ನೀರಿದ್ದರೆ ಗಮ್ ಸಾಲದು ಅಥವಾ ಕಡೆದದ್ದು ಸಾಲದು. ಮುಖಕ್ಕೆ ಮುಂಚೆ ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ.