ಸಬ್ ಮೀಟರ್ ನಿಧಾನ ಓಡ್ತಿದೆ, ಮನೆಯಲ್ಲೇ ಕ್ಯಾಲಿಬ್ರೇಟ್ ಮಾಡಬಹುದಾ?

ಮಾಳಿಗೆಮನೆ:
ಮಹಡಿ ಮನೆ ಬಾಡಿಗೆಗೆ ಕೊಟ್ಟಿದೆ. ಎಸ್ಕಾಂ (ವಿದ್ಯುತ್ ಕಂಪನಿ) ಮೀಟರ್ ಒಂದೇ, ಮಹಡಿಗೆ ಖಾಸಗಿ ಸಬ್ ಮೀಟರ್ (ಸಿಂಗಲ್ ಫೇಸ್, 5-30 ಆಂಪ್, ಕ್ಲಾಸ್ 1 ಅಂದರೆ ಶೇ 1ರವರೆಗೆ ತಪ್ಪಿಗೆ ಅವಕಾಶ, ಯೂನಿಟ್‌ಗೆ 3200 ಪಲ್ಸ್ ಅಂದರೆ ದೀಪದ ಮಿಂಚು). 1500 ವ್ಯಾಟ್ ನೀರು ಕಾಯಿಸೋ ಕಾಯಿಲ್ ಒಂದನ್ನೇ 10 ನಿಮಿಷ ಹಾಕಿದೆ. 0.25 ಯೂನಿಟ್ ಬರಬೇಕಿತ್ತು, ಡಿಸ್‌ಪ್ಲೇ ಏರಿದ್ದು 0.2 ಮಾತ್ರ. ವೋಲ್ಟೇಜ್ 214 ಇತ್ತು. ಶೇ 20ರಷ್ಟು ನಿಧಾನ ಅಂತ ತಿಳಿಯೋದಾ? ಮುಚ್ಚಳ ಬಿಚ್ಚಿದರೆ ಸಾಲಾಗಿ ಪುಟ್ಟ ರೆಸಿಸ್ಟರ್‌ಗಳಿವೆ, ಕೆಲವನ್ನು ಬೆಸುಗೆ ಹಾಕಿ ಶಾರ್ಟ್ ಮಾಡಿದ್ದಾರೆ. ಅಡ್ಜಸ್ಟ್ ಮಾಡೋ ಜಾಗ ಅದೇನಾ? ಇನ್ನೊಂದು, ಕೆಳಗಿನ ಎಸ್ಕಾಂ ಮೀಟರಿನಲ್ಲಿ "ಅರ್ಥ್" ಅಂತ ಇರೋ ಕೆಂಪು ದೀಪ ಆಗಾಗ ಹತ್ತುತ್ತೆ.

ಟೆಸ್ಟ್‌ಬೆಂಚ್:
ನಿಮ್ಮ ಲೆಕ್ಕದಲ್ಲಿ ಮೀಟರಿನ ತಪ್ಪು ಇನ್ನೂ ಕಾಣ್ತಿಲ್ಲ. ಕಾಯಿಲ್ ಮೇಲಿನ 1500 ವ್ಯಾಟ್ ಅನ್ನೋದು 230 ವೋಲ್ಟ್‌ಗೆ. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ: 214ನ್ನು 230ರಿಂದ ಭಾಗಿಸಿ ವರ್ಗ ಮಾಡಿದರೆ 0.866, ಅಂದರೆ ಸುಮಾರು 1300 ವ್ಯಾಟ್. 10 ನಿಮಿಷಕ್ಕೆ 0.217 ಯೂನಿಟ್. ಒಂದೇ ದಶಮಾಂಶ ತೋರಿಸೋ ಡಿಸ್‌ಪ್ಲೇಯಲ್ಲಿ ಅದು ಹೆಚ್ಚಾಗಿ 0.2 ಆಗಿಯೇ ಕಾಣುತ್ತೆ. ಜೊತೆಗೆ, ಬಿಸಿ ಮಾಡೋ ಉಪಕರಣಗಳಿಗೆ ಬರೆದಿರೋ ವ್ಯಾಟಿಗಿಂತ ಶೇ 10 ಕಡಿಮೆ, ಶೇ 5 ಹೆಚ್ಚು ಇರೋಕೆ ಸ್ಟ್ಯಾಂಡರ್ಡ್‌ನಲ್ಲೇ ಅವಕಾಶ ಇದೆ. ಹಾಗಾಗಿ ಕಾಯಿಲ್‌ನ ಲೇಬಲ್ ಇಟ್ಟುಕೊಂಡು ಕ್ಲಾಸ್ 1 ಮೀಟರ್ ಅಳೆಯೋಕಾಗಲ್ಲ. ಇಸ್ತ್ರಿ ಪೆಟ್ಟಿಗೆ, ಗೀಸರ್ ಬೇಡವೇ ಬೇಡ, ಥರ್ಮೋಸ್ಟಾಟ್ ನಡುನಡುವೆ ಕಟ್ ಮಾಡುತ್ತೆ.

ಡಿಸ್‌ಪ್ಲೇ ಬಿಟ್ಟು ಪಲ್ಸ್ ದೀಪ ಎಣಿಸಿ. ಸೂತ್ರ ಇಷ್ಟೇ: ವ್ಯಾಟ್ = 36,00,000 × ಪಲ್ಸ್ ÷ (ಸೆಕೆಂಡ್ × ಮೀಟರಿನ ಪಲ್ಸ್ ಸ್ಥಿರಾಂಕ). ಸಬ್ ಮೀಟರ್ ಎಸ್ಕಾಂ ಮೀಟರಿನ ಮುಂದೆಯೇ ಸರಣಿಯಲ್ಲಿದೆ ಅಲ್ವಾ, ಎಸ್ಕಾಂ ಮೀಟರನ್ನೇ ರೆಫರೆನ್ಸ್ ಮಾಡಿಕೊಳ್ಳಿ. ಎರಡೂ ಮೀಟರ್ ಒಂದೇ ಫ್ರೇಮಿನಲ್ಲಿ ಬರೋ ಹಾಗೆ ಫೋನಿನಲ್ಲಿ 5 ನಿಮಿಷ ವಿಡಿಯೋ ಮಾಡಿ. ಪಲ್ಸ್ ಸಾಮಾನ್ಯವಾಗಿ 90 ಮಿಲಿಸೆಕೆಂಡ್ ಹತ್ತಿರ ಇರುತ್ತೆ, ಸೆಕೆಂಡಿಗೆ 30 ಫ್ರೇಮ್ ಇದ್ದರೂ ತಪ್ಪಲ್ಲ. ಮೊದಲ ಮಿಂಚನ್ನು "ಒಂದು" ಅನ್ನಬೇಡಿ, "ಸೊನ್ನೆ" ಅನ್ನಿ. ಹೆಚ್ಚಿನವರು ಎಡವೋದು ಇಲ್ಲೇ.

ಬೋರ್ಡ್‌ವೈರಿಂಗ್:
ಅರ್ಥ್ ದೀಪದ ವಿಷಯ ಮೊದಲು ಬಗೆಹರಿಸಿ, ಇಲ್ಲದಿದ್ದರೆ ಮೇಲಿನ ಹೋಲಿಕೆಯೇ ಕೆಡುತ್ತೆ. ಈ ಮೀಟರ್‌ಗಳು ಫೇಸ್, ನ್ಯೂಟ್ರಲ್ ಎರಡರ ಕರೆಂಟನ್ನೂ ಬೇರೆ ಬೇರೆ ಅಳೆಯುತ್ತವೆ. ವ್ಯತ್ಯಾಸ ಒಂದು ಮಿತಿ ದಾಟಿದರೆ ದೀಪ ಹತ್ತಿಸಿ, ಎರಡರಲ್ಲಿ ದೊಡ್ಡದನ್ನು ಲೆಕ್ಕಕ್ಕೆ ಹಿಡೀತವೆ (ಎಡಿಇ7751 ಚಿಪ್‌ನಲ್ಲಿ ಆ ಮಿತಿ ಶೇ 12.5, ಎಡಿಇ7761ರಲ್ಲಿ ಶೇ 6.25). ದೀಪ ಹತ್ತಿದ ತಕ್ಷಣ ಕಳ್ಳತನ ಅಂತ ಅಲ್ಲ. ಪಕ್ಕದ ಮನೆ ಅಥವಾ ಯುಪಿಎಸ್ ಲೈನಿನ ನ್ಯೂಟ್ರಲ್ ನಿಮ್ಮದರ ಜೊತೆ ಸೇರಿದ್ದರೆ, ಇಲ್ಲವೇ ಮೋಟರ್, ಗೀಸರ್ ಅರ್ಥ್‌ಗೆ ಲೀಕ್ ಆಗ್ತಿದ್ದರೆ ಹೀಗೇ ಆಗುತ್ತೆ.

ಮೀಟರ್ ಆದ ಮೇಲಿನ ಫೇಸ್, ನ್ಯೂಟ್ರಲ್ ವೈರ್ ಎರಡನ್ನೂ *ಒಟ್ಟಿಗೆ* ಕ್ಲ್ಯಾಂಪ್ ಮೀಟರ್ ದವಡೆಯೊಳಗೆ ಹಾಕಿ. ಸೊನ್ನೆ ಬರಬೇಕು. ಬರದಿದ್ದರೆ ಎಂಸಿಬಿಗಳನ್ನು ಒಂದೊಂದಾಗಿ ಆಫ್ ಮಾಡ್ತಾ ಹೋಗಿ, ಯಾವುದಕ್ಕೆ ರೀಡಿಂಗ್ ಬೀಳುತ್ತೋ ಆ ಸರ್ಕ್ಯೂಟ್ ಹಿಡಿದು ನೋಡಿ. ನ್ಯೂಟ್ರಲ್ ಕಲಸಿದ್ದರೆ ಎಂಸಿಬಿ ಆಫ್ ಮಾಡಿದರೂ ಬೀಳದೆ ಇರಬಹುದು, ಆಗ ನ್ಯೂಟ್ರಲ್ ಲಿಂಕ್‌ನಿಂದ ವೈರುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತೆ, ಅದು ಮೇನ್ ಆಫ್ ಮಾಡಿ ವೈರ್‌ಮನ್ ಮಾಡೋ ಕೆಲಸ.

ಶಂಟ್‌ಮೈಕ್ರೋಓಮ್:
ನೀವು ಕೇಳಿದ ರೆಸಿಸ್ಟರ್ ಸಾಲು ಕ್ಯಾಲಿಬ್ರೇಷನ್ನಿಗೇ ಇರೋದು. ವೋಲ್ಟೇಜ್ ಡಿವೈಡರಿನ (ಲೈನ್ ವೋಲ್ಟೇಜನ್ನು ಚಿಪ್‌ಗೆ ತಕ್ಕಷ್ಟು ಇಳಿಸೋ ರೆಸಿಸ್ಟರ್ ಸರಣಿ) ಮೇಲಿನ ತೋಳಿನಲ್ಲಿ ಒಂದರ ಅರ್ಧ ಇನ್ನೊಂದು ಅನ್ನೋ ಹಾಗೆ ಇಳಿಯೋ ಬೆಲೆಗಳು. ಲಿಂಕ್ (ನೀವು ನೋಡಿದ ಬೆಸುಗೆ ಶಾರ್ಟ್) ಕತ್ತರಿಸಿದರೆ ಆ ರೆಸಿಸ್ಟರ್ ಸೇರಿಕೊಂಡು ಸಿಗ್ನಲ್ ತಗ್ಗುತ್ತೆ, ಮೀಟರ್ ನಿಧಾನ ಆಗುತ್ತೆ. ಲಿಂಕ್ ಬೆಸೆದರೆ ವೇಗ ಆಗುತ್ತೆ. ಹೊಸ ಮೀಟರ್‌ಗಳಲ್ಲಿ ಇದಿಲ್ಲ, ಸೀರಿಯಲ್ ಅಥವಾ ಇನ್‌ಫ್ರಾರೆಡ್ ಪೋರ್ಟಿನ ಮೂಲಕ ಚಿಪ್ಪಿನ ರಿಜಿಸ್ಟರಿಗೆ (ಮೆಮೊರಿ ಜಾಗಕ್ಕೆ) ಸಂಖ್ಯೆ ಬರೀತಾರೆ.

ಆದರೆ ಕರೆಂಟ್ ಇರುವಾಗ ಮುಚ್ಚಳ ತೆಗೀಬೇಡಿ. ಶಂಟ್ (ಕರೆಂಟ್ ಅಳೆಯೋಕೆ ಹಾಕಿರೋ ಅತಿ ಕಡಿಮೆ ರೆಸಿಸ್ಟೆನ್ಸಿನ ಪಟ್ಟಿ) ಮಾದರಿಯಲ್ಲಿ ಬೋರ್ಡಿನ ಗ್ರೌಂಡ್ ನೇರ ಫೇಸ್ ವೈರಿಗೇ ಸೇರಿರುತ್ತೆ. ಬ್ಯಾಟರಿ ಕಾಣಿಸುತ್ತೆ, 5 ವೋಲ್ಟ್ ಬೋರ್ಡ್ ಅಂತ ಮುಟ್ಟಿದರೆ 230 ವೋಲ್ಟ್ ಹೊಡೆಯುತ್ತೆ. ಲ್ಯಾಪ್‌ಟಾಪಿನ ಯುಎಸ್‌ಬಿ ಕೇಬಲ್ ಅಥವಾ ಆಸಿಲೋಸ್ಕೋಪಿನ ಗ್ರೌಂಡ್ ಕ್ಲಿಪ್ ಅದಕ್ಕೆ ಸೇರಿಸಿದರೆ ಫೇಸ್‌ನಿಂದ ಅರ್ಥ್‌ಗೆ ನೇರ ಶಾರ್ಟ್. ಆಪ್ಟೋ ಐಸೊಲೇಷನ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸಿ ವೈರ್ ಸಂಪರ್ಕ ತಪ್ಪಿಸೋದು) ಇಲ್ಲದೆ ಆಗೋ ಕೆಲಸ ಅಲ್ಲ.

ಬೆಂಚಿನ ಮೇಲೆ ಕ್ರಮ ಹೀಗೆ: 5 ಆಂಪ್, ಪವರ್ ಫ್ಯಾಕ್ಟರ್ 1ರಲ್ಲಿ (ಕಾಯಿಲ್ ಥರದ ಲೋಡ್) ಗೇನ್ ಅಂದರೆ ಒಟ್ಟು ಅಳತೆಯ ಪ್ರಮಾಣ, ಆಮೇಲೆ ಅದೇ ಕರೆಂಟಿನಲ್ಲಿ 0.5 ಲ್ಯಾಗ್ (ಕರೆಂಟ್ ವೋಲ್ಟೇಜಿಗಿಂತ ಹಿಂದೆ ಬೀಳೋ ಮೋಟರ್ ಥರದ ಲೋಡ್) ಇಟ್ಟು ಫೇಸ್ ಕೋನ, ಕೊನೆಗೆ 0.25 ಆಂಪ್‌ನಲ್ಲಿ ಆಫ್‌ಸೆಟ್ ಅಂದರೆ ಸಣ್ಣ ಲೋಡಿನ ತಪ್ಪು. ಗೇನ್ ಒಂದನ್ನೇ ಸರಿ ಮಾಡಿ ಬಿಟ್ಟರೆ ಕಾಯಿಲ್‌ಗೆ ಸರಿ, ಮೋಟರ್‌ಗೆ ತಪ್ಪು ತೋರಿಸೋ ಮೀಟರ್ ಕೈಗೆ ಬರುತ್ತೆ. 1 ಡಿಗ್ರಿ ಫೇಸ್ ಕೋನದ ದೋಷ ಪವರ್ ಫ್ಯಾಕ್ಟರ್ 1ರಲ್ಲಿ ಬರೀ ಶೇ 0.015, ಅದೇ 0.5ರಲ್ಲಿ ಶೇ 3. ಸಿ.ಟಿ. (ಕರೆಂಟ್ ಅಳೆಯೋ ಟ್ರಾನ್ಸ್‌ಫಾರ್ಮರ್) ಇರೋ ಮೀಟರುಗಳಲ್ಲಿ ಇದು ಮುಖ್ಯ. ರೆಫರೆನ್ಸ್ ಕ್ಲಾಸ್ 0.2 ಅಥವಾ ಇನ್ನೂ ಒಳ್ಳೇದಿರಬೇಕು, ಅಗ್ಗದ ಪ್ಲಗ್ ವ್ಯಾಟ್‌ಮೀಟರ್ ಸಾಲದು.

ಹಳೇ ಮೀಟರ್ ನಿಜಕ್ಕೂ ನಿಧಾನ ಆಗಿದ್ದರೆ ಲಿಂಕ್ ಮುಟ್ಟೋ ಮೊದಲು ಕೆಪಾಸಿಟರ್ ನೋಡಿ. ಪವರ್ ಸಪ್ಲೈಗೆ ಫೇಸ್ ಲೈನಿನಲ್ಲಿರೋ 0.47 ಮೈಕ್ರೋಫ್ಯಾರಡ್ ಎಕ್ಸ್ ಕೆಪಾಸಿಟರ್ 230 ವೋಲ್ಟ್‌ನಲ್ಲಿ ಹೆಚ್ಚೆಂದರೆ 34 ಮಿಲಿಆಂಪ್ ಬಿಡುತ್ತೆ. ವರ್ಷಗಳಾದ ಹಾಗೆ ಅದರ ಬೆಲೆ ಇಳಿಯುತ್ತೆ. ಸಂಜೆ ವೋಲ್ಟೇಜ್ ಬಿದ್ದಾಗ ಚಿಪ್ ರೀಸೆಟ್ ಆಗಿ ಪಲ್ಸ್ ಕಳೆದುಹೋಗುತ್ತೆ. ಹಗಲು ಟೆಸ್ಟ್ ಮಾಡಿದರೆ ಎಲ್ಲ ಸರಿ ಕಾಣುತ್ತೆ. ಇಂಥದ್ದನ್ನು ಗೇನ್ ಏರಿಸಿ ಮುಚ್ಚಿದರೆ ಹಗಲಿನ ಯೂನಿಟ್ ಸುಮ್ಮನೆ ಜಾಸ್ತಿ ಬರುತ್ತೆ. ಇನ್ನು ಸುಟ್ಟ ಶಂಟ್ ತೆಗೆದು ತಾಮ್ರದ ಪಟ್ಟಿ ಹಾಕೋ ರಿಪೇರಿ ಬೇಡ: ತಾಮ್ರದ ರೆಸಿಸ್ಟೆನ್ಸ್ ಡಿಗ್ರಿಗೆ ಶೇ 0.39 ಏರುತ್ತೆ, ಶಂಟ್‌ಗೆ ಬಳಸೋ ಮಿಶ್ರಲೋಹ ಮ್ಯಾಂಗನಿನ್‌ನಷ್ಟು ಸ್ಥಿರ ಅಲ್ಲ.

ಮಾಳಿಗೆಮನೆ:
ಕ್ಲ್ಯಾಂಪ್ ನೋಡಿದೆ, ಯುಪಿಎಸ್ ಲೈನಿನ ನ್ಯೂಟ್ರಲ್ ಕಲಸಿತ್ತು. ವೈರ್‌ಮನ್ ಬಿಡಿಸಿದ ಮೇಲೆ ಸೊನ್ನೆ, ಅರ್ಥ್ ದೀಪ ಆರಿದೆ. ಆಮೇಲೆ ಕಾಯಿಲ್ ಹಾಕಿ ವಿಡಿಯೋ ಮಾಡಿದೆ. ಎಸ್ಕಾಂ ಮೀಟರ್ (1600) 150 ಪಲ್ಸ್‌ಗೆ 259.5 ಸೆಕೆಂಡ್. ಸಬ್ ಮೀಟರ್ (3200) 300 ಪಲ್ಸ್‌ಗೆ 268.3 ಸೆಕೆಂಡ್. ಅಂದರೆ ಸಬ್ ಶೇ 3.3 ನಿಧಾನ. ಒಂದು ಲಿಂಕ್ ಬೆಸೆಯಲಾ?

ಟೆಸ್ಟ್‌ಬೆಂಚ್:
ತಡೀರಿ. ಎರಡೂ 0.09375 ಯೂನಿಟ್, ಹಾಗಾಗಿ ಮೇನ್ (ಎಸ್ಕಾಂ ಮೀಟರ್) ತೋರಿಸಿದ್ದು 1301 ವ್ಯಾಟ್, ಸಬ್ 1258. ವ್ಯತ್ಯಾಸ 43 ವ್ಯಾಟ್. ಕೆಳಗೆ ಫ್ರಿಜ್, ವೈಫೈ, ಯುಪಿಎಸ್ ಎಲ್ಲ ಆಫ್ ಇತ್ತಾ? ಕಾಯಿಲ್ ತೆಗೆದು, ಬೇರೇನೂ ಮುಟ್ಟದೆ ಮೇನ್ ಮೀಟರನ್ನೇ ನೋಡಿ. 43 ವ್ಯಾಟ್ ಬೇರೆಲ್ಲೋ ಹೋಗ್ತಿದ್ದರೆ 52 ಸೆಕೆಂಡಿಗೊಮ್ಮೆ ಮಿಂಚಬೇಕು.

ಮಾಳಿಗೆಮನೆ:
110 ಸೆಕೆಂಡಿಗೊಂದು ಮಿಂಚು. ವೈಫೈ, ಸೆಟ್ ಟಾಪ್ ಬಾಕ್ಸ್ ಆನ್ ಇತ್ತು, ಅದು ಲೆಕ್ಕಕ್ಕೆ ಬರುತ್ತೆ ಅಂದುಕೊಂಡಿರಲಿಲ್ಲ.

ಟೆಸ್ಟ್‌ಬೆಂಚ್:
ಅದು 20.5 ವ್ಯಾಟ್. ಕಳೆದರೆ ಮೇನ್ 1280, ಸಬ್ 1258, ವ್ಯತ್ಯಾಸ ಶೇ 1.7. ಎರಡೂ ಕ್ಲಾಸ್ 1 ಆದರೆ ಒಂದು ಶೇ 1 ಮೇಲೆ, ಇನ್ನೊಂದು ಶೇ 1 ಕೆಳಗೆ ಇದ್ದು ಶೇ 2ರ ಅಂತರ ಬಂದರೂ ಎರಡೂ ನಿಯಮದೊಳಗೇ ಇರುತ್ತವೆ. ಇದರಲ್ಲಿ ಯಾವುದು ತಪ್ಪು ಅಂತ ಈ ಪ್ರಯೋಗ ಹೇಳಲಾರದು. ಲಿಂಕ್ ಮುಟ್ಟಬೇಡಿ, ಮುಚ್ಚಳ ಮುಚ್ಚಿಬಿಡಿ.

ಮೇನ್ ಮೇಲೆ ಸಂಶಯ ಇದ್ದರೆ ಸಬ್ ಡಿವಿಷನ್‌ಗೆ ಅರ್ಜಿ, ಶುಲ್ಕ ಕೊಡಿ, ಎಂ.ಟಿ. (ಮೀಟರ್ ಟೆಸ್ಟಿಂಗ್) ವಿಭಾಗದವರು ಆಕ್ಯುಚೆಕ್ ಅನ್ನೋ ಮೀಟರ್ ಪರೀಕ್ಷಿಸೋ ಉಪಕರಣ ತಂದು ಸ್ಥಳದಲ್ಲೇ ನೋಡ್ತಾರೆ. ಮೇನ್ ಮೀಟರಿನ ಸೀಲ್ ಮಾತ್ರ ಮುಟ್ಟಬೇಡಿ, 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಮೀಟರ್ ತಿದ್ದೋದು ಕಳ್ಳತನ.

ಬಾಡಿಗೆದಾರರ ಜೊತೆ ಲೆಕ್ಕ ಹಾಕುವಾಗ ಒಂದು ವಿಷಯ: ಸಬ್ ಮೀಟರಿನ ಒಳಗಿನ ಖರ್ಚು ಮೇನ್‌ನಲ್ಲಿ ಬೀಳುತ್ತೆ, ಸಬ್‌ನಲ್ಲಿ ಅಲ್ಲ. 2 ವ್ಯಾಟ್ ಆದರೆ ತಿಂಗಳಿಗೆ ಸುಮಾರು ಒಂದೂವರೆ ಯೂನಿಟ್. ಸಣ್ಣ ಲೋಡಿಗೆ ಸಬ್ ಓಡುತ್ತಾ ಅಂತಲೂ ಒಮ್ಮೆ ನೋಡಿಬಿಡಿ. ಮಹಡಿಯಲ್ಲಿ ಎಲ್ಲ ಆಫ್ ಮಾಡಿ 9 ವ್ಯಾಟ್ ಎಲ್‌ಇಡಿ ಬಲ್ಬ್ ಒಂದನ್ನೇ ಹಾಕಿದರೆ ಎರಡು ನಿಮಿಷದ ಆಸುಪಾಸಿನಲ್ಲಿ ಒಂದು ಪಲ್ಸ್ ಬರಬೇಕು. ಹತ್ತು ನಿಮಿಷ ಕಾದರೂ ಮಿಂಚದಿದ್ದರೆ ಆಗ ಮೀಟರ್ ಬದಲಾಯಿಸಿ.